ಮಗುಚಿದ ಬಕೆಟ್ಟಿನ ಹಾಳೆ

ಒಂದು ಕಥೆಯ ಕೊನೆಯ ಹಾಳೆಯನ್ನು ಕಿತ್ತು, ಅದರ ಬದಲಿಗೆ ಒಂದೇ ಒಂದು ಸಾಲು ಸೇರಿಸಿ, ನಲವತ್ತು ಸಾವಿರ ಪ್ರತಿ ಅಚ್ಚು ಹಾಕಿ, ಅಂಗಡಿಗಳ ಮೂಲಕ ಹತ್ತನೇ ತರಗತಿಯ ಮಕ್ಕಳಿಗೆ ತಲುಪಿಸಿದರು. ಕಿತ್ತ ಹಾಳೆಯನ್ನು ಓದಿ ಉತ್ತರ ಬರೆದ ಹುಡುಗಿಗೆ ಹತ್ತಕ್ಕೆ ಸೊನ್ನೆ ಹಾಕಿದರು.

ಹುಡುಗಿಯನ್ನು ಕ್ಲಾಸಿನವರು ಕರೆಯುತ್ತಿದ್ದದ್ದು ‘ರದ್ದಿ’ ಅಂತ. ಅವಳಮ್ಮ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸದವಳು. ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಮಡಿಸಿ ಹದಿನಾರು ಪುಟಕ್ಕೊಂದು ಫಾರಂ ಮಾಡುವುದು, ಫಾರಂಗಳನ್ನು ಒಂದರ ಮೇಲೊಂದು ಜೋಡಿಸಿ ದಬ್ಬಣದಲ್ಲಿ ಹೊಲಿಯುವುದು, ಪಠ್ಯಪುಸ್ತಕವಾದರೆ ಹೊಲಿಗೆಯಿಲ್ಲದೆ ಬೆನ್ನಿಗೆ ಬರೀ ಅಂಟು ಬಳಿಯುವುದು. ಇಪ್ಪತ್ತು ವರ್ಷದಿಂದ ಅದೇ. ಮಸಿ ಹೆಚ್ಚಾದ ಹಾಳೆ, ಓರೆಯಾಗಿ ಅಚ್ಚಾದ ಹಾಳೆ, ಮೂಲೆ ಹರಿದ ಹಾಳೆ ಎಲ್ಲ ರದ್ದಿ. ರದ್ದಿಯನ್ನು ಬೈಂಡಿಂಗಿನ ಹೆಂಗಸರು ಮನೆಗೆ ಒಯ್ಯುವುದು ಅಲ್ಲಿನ ಮಾಮೂಲು. ಯಾರೂ ಕೇಳಿ ಒಯ್ದಿರಲಿಲ್ಲ, ಯಾರೂ ಬೇಡವೆಂದೂ ಹೇಳಿರಲಿಲ್ಲ. ಬೇರೆಯವರು ಅದನ್ನು ಕಪಾಟಿಗೆ ಹಾಸುತ್ತಿದ್ದರು, ಕಿಟಕಿಯ ಗಾಜು ಒರೆಸುತ್ತಿದ್ದರು. ಇವಳಮ್ಮ ಮಾತ್ರ ಆ ಓರೆಕೋರೆ ಹಾಳೆಗಳಲ್ಲೇ ಪುಟದ ಅಂಕಿ ನೋಡಿ ಆರಿಸಿ ಆರಿಸಿ, ಮಡಿಸಿ, ಹೊಲಿದು, ಹಳೇ ರಟ್ಟು ಹಾಕಿ ಮಗಳಿಗೆ ವರ್ಷವರ್ಷವೂ ಇಡೀ ಪಠ್ಯಪುಸ್ತಕವನ್ನೇ ತಯಾರು ಮಾಡಿಕೊಡುತ್ತಿದ್ದಳು. ಅವಳಿಗೆ ಅಕ್ಷರ ಬಾರದು. ಅಂಕಿ ಬರುತ್ತಿತ್ತು, ಆ ಕೆಲಸಕ್ಕೆ ಅಷ್ಟು ಸಾಕಿತ್ತು.

“ಏ ರದ್ದಿ, ನಿನ್ನ ಪುಸ್ತಕ ಕುಡಿದು ಬಂದಿದ್ಯೇನೇ? ಸಾಲೆಲ್ಲ ವಾಲಾಡ್ತಿವೆ!” ಅಂತ ಹಿಂದಿನ ಬೆಂಚಿನವರು ಕಿಚಾಯಿಸುತ್ತಿದ್ದರು.

“ನಿನ್ನ ಪುಸ್ತಕ ಬೆನ್ನು ಮುರ್ಕೊಂಡು ಮೂರು ತಿಂಗಳಾಯ್ತು. ನನ್ನದಿನ್ನೂ ನೆಟ್ಟಗೆ ನಿಂತಿದೆ ನೋಡು,” ಅಂತ ಇವಳೂ ತಿರುಗಿಸಿ ಕೊಡುತ್ತಿದ್ದಳು. ಅದು ನಿಜವೇ. ಅಂಗಡಿಯ ಪುಸ್ತಕಗಳು ಬರೀ ಅಂಟಿನವು. ಅರ್ಧವರ್ಷಕ್ಕೆ ಹಾಳೆ ಉದುರಿಸುತ್ತಿದ್ದವು. ಇವಳದು ಹೊಲಿದ ಪುಸ್ತಕ.

ಇಂಗ್ಲಿಷ್ ಮೇಡಂ ಅಂದರೆ ಅವಳಿಗೆ ಪ್ರಾಣ. ಬೇರೆ ಮಾಸ್ತರುಗಳು ಪ್ರಶ್ನೋತ್ತರ ಬರೆಸಿ ಬಾಯಿಪಾಠ ಮಾಡಿಸಿದರೆ, ಮೇಡಂ ಎಲ್ಲರ ಕೈಗೂ ಒಂದೊಂದು ನೋಟುಪುಸ್ತಕ ಕೊಟ್ಟು, ಮೇಲೆ ‘ಸ್ಪಂದನ’ ಅಂತ ಬರೆಸಿದ್ದರು. ಓದಿದ ಕಥೆಗೆ, ಕ್ಲಾಸಿನಲ್ಲಿ ತೋರಿಸಿದ ಸಿನಿಮಾಕ್ಕೆ ಅನಿಸಿದ್ದನ್ನು ಅದರಲ್ಲಿ ಬರೆಯಬೇಕು. ವರ್ಷದ ಕೊನೆಗೆ ಆ ಪುಸ್ತಕಕ್ಕೇ ಮೂವತ್ತು ಅಂಕ. ಒಂದು ಬರಹಕ್ಕೆ ಸೊನ್ನೆ ಬಂದರೂ ದೊಡ್ಡ ಪರೀಕ್ಷೆಗೆ ಕೂರಿಸುವುದಿಲ್ಲ ಅನ್ನುವುದು ಇಲಾಖೆಯ ನಿಯಮ.

“ಇದರಲ್ಲಿ ಸರಿ ತಪ್ಪು ಅಂತಿಲ್ಲ. ನಿಮಗೆ ಅನಿಸಿದ್ದನ್ನ ಬರೀರಿ, ಸಾಕು,” ಅಂದಿದ್ದರು ಮೇಡಂ. ಇವಳ ಪುಸ್ತಕದ ಅಂಚಿನಲ್ಲಿ ಕೆಂಪು ಮಸಿಯಲ್ಲಿ ‘ಮುತ್ತಿನಂಥ ಮಾತು’, ‘ಮುತ್ತಿನಂಥ ಅಕ್ಷರ’ ಅಂತೆಲ್ಲ ಬರೆಯುತ್ತಿದ್ದರು. ಆ ಕೆಂಪು ಮಸಿಯನ್ನು ನೋಡಿಕೊಂಡೇ ಹುಡುಗಿ ಅನ್ನ ನೀರು ಮರೆಯುತ್ತಿದ್ದಳು.

ಈ ಸಲದ ಕಥೆ ಒಬ್ಬ ಮೆಟ್ಟಿಲು ಒರೆಸುವವಳದು. ದೊಡ್ಡ ಮನೆ, ಮೂವತ್ತೊಂದು ಮೆಟ್ಟಿಲು, ಮೂವತ್ತೊಂದು ವರ್ಷ. ಒಂದು ದಿನ ಯಜಮಾನನ ಗಡಿಯಾರ ಕಾಣೆಯಾಗುತ್ತದೆ. ಎಲ್ಲರೂ ಇವಳತ್ತ ತಿರುಗುತ್ತಾರೆ. ಗಂಟು ಬಿಚ್ಚಿಸುತ್ತಾರೆ, ಸೆರಗು ಕೊಡವಿಸುತ್ತಾರೆ, ಹೊರಗೆ ಹಾಕುತ್ತಾರೆ. ವಾರ ಕಳೆದ ಮೇಲೆ ಗಡಿಯಾರ ಯಜಮಾನನ ಮಗನ ಪೆಟ್ಟಿಗೆಯಲ್ಲೇ ಸಿಗುತ್ತದೆ. ಯಜಮಾನ ಅವಳನ್ನು ಕರೆಸಿ, “ಆಗಿದ್ದಾಯ್ತು. ನಿನ್ನನ್ನು ಕ್ಷಮಿಸಿದ್ದೇನೆ. ನಾಳೆಯಿಂದ ಬಾ,” ಅನ್ನುತ್ತಾನೆ. ಅಲ್ಲಿಯವರೆಗೆ ಮೇಡಂ ತರಗತಿಯಲ್ಲಿ ಓದಿ, “ಕೊನೇದು ಮನೇಲಿ ಓದ್ಕೊಂಡು ಸ್ಪಂದನ ಬರೀರಿ,” ಅಂದಿದ್ದರು.

ಹುಡುಗಿ ಮನೆಯಲ್ಲಿ ಆ ಕೊನೆಯ ಹಾಳೆಯನ್ನು ಓದಿ ಎದ್ದು ನಿಂತುಬಿಟ್ಟಿದ್ದಳು. ಮಾರನೆಯ ದಿನ ಮೆಟ್ಟಿಲಿನವಳು ಬರುತ್ತಾಳೆ. ಬಕೆಟ್ಟಿಗೆ ನೀರು ತುಂಬುತ್ತಾಳೆ. ಕೆಳಗಿನ ಮೆಟ್ಟಿಲಿನಿಂದ ಶುರುಮಾಡಬೇಕಾದವಳು ಯಾವ ಮೆಟ್ಟಿಲಿನಲ್ಲೂ ಬಾಗದೆ ಮೂವತ್ತೊಂದನ್ನೂ ಹತ್ತಿ, ಜಮಖಾನೆ ಹಾಸಿದ ನಡುಮನೆಗೆ ನೇರ ನಡೆದು, ಯಜಮಾನನ ಎದುರಿಗೇ ಬಕೆಟ್ ಮಗುಚುತ್ತಾಳೆ. “ನಾನು ನಿಮ್ಮನ್ನು ಕ್ಷಮಿಸಿಲ್ಲ,” ಅನ್ನುತ್ತಾಳೆ. ಖಾಲಿ ಬಕೆಟ್ ಅಲ್ಲೇ ಬಿಟ್ಟು ಇಳಿದು ಹೋಗುತ್ತಾಳೆ. ಕಥೆ ಅಲ್ಲಿಗೆ ಮುಗಿಯುತ್ತದೆ.

ಹುಡುಗಿ ಆರು ಪುಟ ಬರೆದಳು. ತಪ್ಪು ಮಾಡಿದವನು ತಪ್ಪು ಮಾಡದವಳನ್ನು ಕ್ಷಮಿಸುವುದು ಕಳ್ಳತನಕ್ಕಿಂತ ದೊಡ್ಡ ಕಳ್ಳತನ ಅಂತ ಬರೆದಳು. ಬಕೆಟ್ ಮಗುಚಿದಾಗ ನನ್ನ ಕಾಲೇ ಒದ್ದೆಯಾದ ಹಾಗಾಯಿತು ಅಂತ ಬರೆದಳು. ಇದಕ್ಕೂ ‘ಮುತ್ತಿನಂಥ’ ಬಾರದಿದ್ದರೆ ಇನ್ನು ಯಾವುದಕ್ಕೂ ಬರುವುದಿಲ್ಲ ಅಂದುಕೊಂಡು ಕೊಟ್ಟಳು.

ಪುಸ್ತಕ ವಾಪಸು ಬಂದಾಗ ಮೇಲೆ ಸೊನ್ನೆ. ಕೆಳಗೆ, ಅದೇ ಕೆಂಪು ಮಸಿ: ‘ಕಥೆಯಲ್ಲಿ ಇಲ್ಲದ್ದನ್ನು ಬರೆಯಬಾರದು.’

ಯಾರದೋ ಪುಸ್ತಕ ಕೈಗೆ ಬಂದಿದೆಯೇನೋ ಅಂತ ಹಾಳೆ ತಿರುವಿ ನೋಡಿದಳು. ತನ್ನದೇ ಅಕ್ಷರ, ಆರೂ ಪುಟ.

“ಏನಾಯ್ತೇ?” ಪಕ್ಕದ ಬೆಂಚಿನ ಗೆಳತಿ ಬಗ್ಗಿ ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. “ಅಯ್ಯೋ, ನಿನಗೆ ಸೊನ್ನೆನಾ? ಏನ್ ಬರ್ದೆ ಮಾರಾಯ್ತಿ?”

“ಬಕೆಟ್ ಮಗುಚಿದ್ದು.”

“ಯಾವ ಬಕೆಟ್ಟು?”

“ಕೊನೇಲಿ ಮಗುಚ್ತಾಳಲ್ಲ, ಜಮಖಾನೆ ಮೇಲೆ.”

ಗೆಳತಿ ಅವಳ ಹಣೆ ಮುಟ್ಟಿ ನೋಡಿದಳು. “ಜ್ವರ ಇಲ್ಲ. ಮತ್ತೇನೇ ಇದು? ಅವಳು ಅಳ್ತಾಳಲ್ವಾ ಕೊನೇಲಿ?” ಅಂದು ತನ್ನ ಪುಸ್ತಕ ತೆಗೆದು ಮುಂದಿಟ್ಟಳು.

ನಲವತ್ತಾರನೇ ಪುಟದ ತಳ. ಯಜಮಾನ ‘ನಾಳೆಯಿಂದ ಬಾ’ ಅನ್ನುತ್ತಾನೆ. ಅದರ ಕೆಳಗೆ ಒಂದು ಸಾಲು: ‘ಅವಳ ಕಣ್ಣುಗಳಲ್ಲಿ ಕೃತಜ್ಞತೆಯ ಹನಿಗಳು ಮುತ್ತಿನಂತೆ ಹೊಳೆದವು.’ ಅಲ್ಲಿಗೆ ಕಥೆ ಮುಗಿದಿತ್ತು. ನಲವತ್ತೇಳು, ನಲವತ್ತೆಂಟನೇ ಪುಟಗಳಲ್ಲಿ ದಪ್ಪ ಅಕ್ಷರದ ಪ್ರಶ್ನೆಗಳು, ತಲೆ ತಗ್ಗಿಸಿ ನಿಂತ ಹೆಂಗಸಿನ ಒಂದು ಚಿತ್ರ.

ಹುಡುಗಿ ತನ್ನ ಪುಸ್ತಕವನ್ನು ಪಕ್ಕದಲ್ಲಿಟ್ಟು ನೋಡಿದಳು. ನಲವತ್ತಾರನೇ ಪುಟದ ‘ನಾಳೆಯಿಂದ ಬಾ’ವರೆಗೂ ಅಚ್ಚು ಒಂದೇ. ಆಮೇಲೆ ಅದೇ ನಂಬರಿನ ಎರಡು ಪುಟಗಳಲ್ಲಿ ಎರಡು ಬೇರೆ ಹೆಂಗಸರು: ಒಬ್ಬಳು ಬಕೆಟ್ ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು, ಇನ್ನೊಬ್ಬಳು ತಲೆ ತಗ್ಗಿಸಿದ್ದಳು. ಸುತ್ತ ನಲವತ್ತು ಮಕ್ಕಳು ತಮ್ಮತಮ್ಮ ಎಂಟು, ಒಂಬತ್ತು ಅಂಕಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಂಡು ನಗುತ್ತಿದ್ದರು. ನಲವತ್ತು ಜನಕ್ಕೂ ಕೃತಜ್ಞತೆಯ ಹನಿಗಳು ಕಂಡಿದ್ದವು. ಕಾಣದವಳು ಅವಳೊಬ್ಬಳೇ.

ಆಗಲೂ ಅವಳಿಗೆ ಮೇಡಂ ಮೇಲೆ ಅನುಮಾನ ಬರಲಿಲ್ಲ. ಅಚ್ಚಿನ ತಪ್ಪು, ಪಾಪ ಮೇಡಂಗೆ ಗೊತ್ತಿಲ್ಲ, ಗೊತ್ತಾದರೆ ಕುಣಿದಾಡಿಬಿಡುತ್ತಾರೆ ಅಂದುಕೊಂಡು ಬಿಡುವಿನಲ್ಲಿ ಓಡಿದಳು. ಸ್ಟಾಫ್ ರೂಮಿನಲ್ಲಿ ಮೇಡಂ ಒಬ್ಬರೇ ಇದ್ದರು.

“ಮೇಡಂ, ಎಲ್ಲರ ಪುಸ್ತಕದಲ್ಲೂ ಒಂದು ಹಾಳೆ ಬಿಟ್ಟುಹೋಗಿದೆ! ನನ್ನದರಲ್ಲಿ ಇದೆ, ನೋಡಿ.”

ಮೇಡಂ ಪುಸ್ತಕ ತೆಗೆದುಕೊಂಡರು. ಓದಲಿಲ್ಲ. ಓದುವ ಅಗತ್ಯವೇ ಇಲ್ಲದವರ ಹಾಗೆ ಆ ಹಾಳೆಯ ಮೇಲೆ ಅಂಗೈ ಊರಿದರು. ಎದ್ದು ಹೋಗಿ ಬಾಗಿಲು ಹಾಕಿ ಬಂದರು.

“ಇದು ಎಲ್ಲಿ ಸಿಕ್ತು ನಿನಗೆ?”

ಆ ದನಿ ಹುಡುಗಿ ಈವರೆಗೆ ಕೇಳಿದ್ದ ದನಿಯಲ್ಲ. ‘ಅಮ್ಮ’ ಅನ್ನಲು ಹೋದವಳು ನಾಲಗೆ ಕಚ್ಚಿಕೊಂಡಳು.

“ನೋಡು,” ಮೇಡಂ ಕುರ್ಚಿ ಹತ್ತಿರ ಎಳೆದುಕೊಂಡು ಮೆಲ್ಲಗೆ ಅಂದರು, “ನೀನು ಜಾಣೆ. ಒಂದು ಕೆಲಸ ಮಾಡು. ನಿನ್ನ ಉತ್ತರದ ಕೆಳಗೆ ‘ಈ ಮುಕ್ತಾಯ ನನ್ನ ಸ್ವಂತ ಕಲ್ಪನೆ’ ಅಂತ ಒಂದು ಸಾಲು ಬರೆದುಬಿಡು. ಕಲ್ಪನೆಗೆ ಅಂಕ ಕೊಡೋಕೆ ನನಗೆ ಅಧಿಕಾರ ಇದೆ. ಒಂಬತ್ತು ಹಾಕ್ತೀನಿ.”

“ಆದ್ರೆ ಮೇಡಂ, ನಾನು ಕಲ್ಪಿಸಿಲ್ಲ. ಇಲ್ಲಿ ಇದೆ.”

“ಇದೆ ಅಂದ್ರೆ ಸೊನ್ನೆ ಕಣಮ್ಮ. ಇಲ್ಲ ಅಂದ್ರೆ ಒಂಬತ್ತು.”

ಹುಡುಗಿ ಪುಸ್ತಕವನ್ನು ಎದೆಗವಚಿಕೊಂಡು ಹೊರಗೆ ಬಂದಳು. ಅಂಗಳದಲ್ಲಿ ಮಕ್ಕಳ ಗಲಾಟೆ ಎಂದಿನಂತೆ ಇತ್ತು.

ಸಂಜೆ ಅಮ್ಮ ನೆಲದ ಮೇಲೆ ಕಾಲು ಚಾಚಿ ಹೆಬ್ಬೆರಳಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ದಿನಕ್ಕೆ ಸಾವಿರಾರು ಮಡಿಕೆಗಳನ್ನು ಉಜ್ಜಿ ಉಜ್ಜಿ ಆ ಬೆರಳ ಚರ್ಮ ಮರದ ತುಂಡಿನಂತಾಗಿತ್ತು. ಮಗಳ ಮಾತು ಕೇಳಿ ಪುಸ್ತಕ ಕೈಗೆ ತೆಗೆದುಕೊಂಡು, ಬೆನ್ನಿನ ಕಡೆಯಿಂದ ಫಾರಂ ಎಣಿಸಿದಳು.

“ಮೂರನೇ ಫಾರಂ. ನೆನಪಿದೆ. ಅರ್ಧ ಅಚ್ಚಾದ್ಮೇಲೆ ಮೆಷಿನ್ ನಿಲ್ಸಿದ್ರು. ಇಲಾಖೆಯಿಂದ ಒಂದು ಚೀಟಿ ಬಂತು. ‘ಮೂರನೇ ಫಾರಂ ಅಷ್ಟೂ ರದ್ದಿಗೆ ಹಾಕಿ, ಅಚ್ಚಿಗೆ ಬೇರೆ ಪ್ಲೇಟ್ ಬರುತ್ತೆ’ ಅಂದ್ರು. ನಮಗೇನು, ಹಾಕಿದ್ವಿ. ಒಂದಿಷ್ಟು ಓರೆನೂ ಇಲ್ಲ, ಮಸೀನೂ ಇಲ್ಲ, ಬಂಗಾರದಂಥ ಹಾಳೆ! ಇಷ್ಟು ಒಳ್ಳೇದು ಮಗಳಿಗಾಗ್ಲಿ ಅಂತ ನಾನೇ ಆರಿಸ್ಕೊಂಡು ಬಂದೆ.” ಅಮ್ಮ ಪುಸ್ತಕದ ಮೇಲೆ ಕೈಯಾಡಿಸಿದಳು. “ಏನಿತ್ತು ಅದ್ರಲ್ಲಿ ಅಂಥದ್ದು? ಬೈಗುಳ ಇತ್ತಾ?”

“ಬೈಗುಳ ಅಲ್ಲಮ್ಮ. ಕೇಳು.” ಹುಡುಗಿ ಕಥೆಯನ್ನು ಮೊದಲಿನಿಂದ ಹೇಳುತ್ತಾ ಹೋದಳು. ಗಂಟು ಬಿಚ್ಚಿಸಿದ ಕಡೆ ಅಮ್ಮನ ಕೈ ನಿಂತಿತು. ಪ್ರೆಸ್ಸಿನ ಗೇಟಿನಲ್ಲಿ ಕಾವಲಿನವನು ಬೇಕಾದಾಗ ಬೈಂಡಿಂಗಿನ ಹೆಂಗಸರ ಚೀಲ ಕೊಡವಿಸುತ್ತಿದ್ದ. ರದ್ದಿ ಕಂಡರೆ ಸುಮ್ಮನಾಗುತ್ತಿದ್ದ. ಅಮ್ಮ ಅದನ್ನು ಹೇಳಲಿಲ್ಲ, ಮಗಳಿಗೆ ಗೊತ್ತಿತ್ತು. ಯಜಮಾನ ‘ಕ್ಷಮಿಸಿದ್ದೇನೆ’ ಅಂದಾಗ ಅಮ್ಮ, “ಅವನ ಬಾಯಿಗಿಷ್ಟು ಮಣ್ಣು ಹಾಕ!” ಅಂದಳು. ಬಕೆಟ್ ಮಗುಚಿದಾಗ ಮಾತ್ರ ಕಾಲು ಮಡಚಿ ಮುಂದೆ ಬಾಗಿ ಕೂತಳು.

“ಮಗುಚಿದ್ಲಾ?”

“ಹ್ಞೂಂ.”

“ಪೂರ್ತಿ ನೀರು?”

“ಪೂರ್ತಿ.”

ಅಮ್ಮ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ತಟ್ಟನೆ ನಗು ನಿಲ್ಲಿಸಿ ಕೇಳಿದಳು. “ಅಲ್ವೇ, ಆ ನೀರನ್ನ ಆಮೇಲೆ ಯಾರು ಒರೆಸಿದ್ರು?”

ಹುಡುಗಿ ಬರೆದ ಆರು ಪುಟದಲ್ಲಿ ಆ ಪ್ರಶ್ನೆ ಎಲ್ಲೂ ಇರಲಿಲ್ಲ.

“ಇನ್ನೊಬ್ಬಳು ಬಂದಿರ್ತಾಳೆ, ಪಾಪ,” ಅಂದಳು ಅಮ್ಮ. “ಅವಳಿಗೂ ಈ ಹಾಳೆ ಓದಿ ಹೇಳೋರು ಬೇಕು.”

ಮಾರನೇ ವಾರ ಮೇಡಂ ಅದೇ ಕಥೆಯ ಸಿನಿಮಾ ತೋರಿಸಿದರು. ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ, ಗೋಡೆಯ ಮೇಲೆ ಬೆಳಕು ಬಿಟ್ಟರು. ಕಪ್ಪು ಬಿಳುಪಿನ ಹಳೇ ಚಿತ್ರ. ಮೆಟ್ಟಿಲಿನವಳಾಗಿ ಅಭಿನಯಿಸಿದ್ದವಳ ಮಂಡಿಗಳು ನಿಜವಾಗಿಯೂ ಜಡ್ಡುಗಟ್ಟಿದ್ದವು. ಗಡಿಯಾರ ಸಿಕ್ಕಿತು. ಯಜಮಾನ ಕ್ಷಮಿಸಿದ. ಅವಳ ಮುಖ ಗೋಡೆಯ ತುಂಬ ಬಂತು. ಅಷ್ಟರಲ್ಲಿ ಮೇಡಂ ಸಿನಿಮಾ ನಿಲ್ಲಿಸಿದರು.

“ನೋಡಿ ಮಕ್ಕಳೇ, ಆ ಕಣ್ಣುಗಳನ್ನ ನೋಡಿ. ಎಂಥ ಕೃತಜ್ಞತೆ! ಇದರ ಮೇಲೆ ಸ್ಪಂದನ ಬರೀರಿ.”

ಹುಡುಗಿ ಆ ಕಣ್ಣುಗಳನ್ನು ನೋಡಿದಳು. ಅವು ಒಣಗಿದ್ದವು. ಗೋಡೆಯ ತಳದಲ್ಲಿ ಸಿನಿಮಾದ ಉದ್ದ ತೋರಿಸುವ ಗೆರೆಯೊಂದಿತ್ತು. ಆ ಗೆರೆ ಇನ್ನೂ ತುಂಬಿರಲಿಲ್ಲ, ಪಕ್ಕದಲ್ಲಿ ಉಳಿದ ನಿಮಿಷಗಳ ಅಂಕಿಯಿತ್ತು.

ಅವಳು ಎದ್ದು ನಿಂತಳು. “ಮೇಡಂ, ಇನ್ನೂ ಹನ್ನೊಂದು ನಿಮಿಷ ಇದೆ.”

“ಕೂತ್ಕೋ.”

“ಹೌದಲ್ಲ ಮೇಡಂ, ಹನ್ನೊಂದು ನಿಮಿಷ ಇದೆ!” ಹಿಂದಿನ ಬೆಂಚಿನವರು ಕೂಗಿದರು. ಪಾಠ ತಪ್ಪುವುದಾದರೆ ಅವರಿಗೆ ಯಾವ ಸಿನಿಮಾ ಆದರೂ ಆದೀತು. “ಹಾಕಿ ಮೇಡಂ, ಹಾಕಿ!”

ಮೇಡಂ ಅವರತ್ತ ನಡೆದು ಗದರಿಸುವಷ್ಟರಲ್ಲಿ, ಲ್ಯಾಪ್‌ಟಾಪಿನ ಪಕ್ಕದಲ್ಲೇ ಕೂತಿದ್ದ ಗೆಳತಿ ಕೈ ಚಾಚಿ ಗುಂಡಿ ಒತ್ತಿಬಿಟ್ಟಳು.

ಗೋಡೆಯ ಮೇಲಿನ ಮುಖ ಅಲುಗಿತು. ಬಕೆಟ್ ತುಂಬಿತು. ಮೆಟ್ಟಿಲು, ಮೆಟ್ಟಿಲು, ಮೆಟ್ಟಿಲು. ಮೇಡಂ ಬೆಂಚುಗಳ ಸಂದಿಯಲ್ಲಿ ನುಗ್ಗಿ ಬಂದು ಪ್ರೊಜೆಕ್ಟರಿನ ತಂತಿಗೆ ಕೈ ಹಾಕುವ ಹೊತ್ತಿಗೆ ನೀರು ಜಮಖಾನೆಯ ಮೇಲೆ ಬಿದ್ದೇ ಬಿಟ್ಟಿತ್ತು. ಕಪ್ಪಗೆ, ಅಗಲಕ್ಕೆ, ಯಜಮಾನನ ಬೂಟಿನವರೆಗೂ ಹರಿಯಿತು. ಆಮೇಲೆ ಗೋಡೆ ಬರಿದಾಯಿತು.

ನಲವತ್ತು ಮಕ್ಕಳು ಬರಿಗೋಡೆಯನ್ನೇ ನೋಡುತ್ತಿದ್ದರು. ಗೆಳತಿಯ ದನಿ ಕತ್ತಲಲ್ಲಿ ಬಂತು. “ಅಯ್ಯಯ್ಯೋ. ರದ್ದಿ ಹೇಳಿದ್ದು ನಿಜ.”

ಮರುದಿನ ಅಮ್ಮನನ್ನು ಶಾಲೆಗೆ ಕರೆಸಿದರು. ಅವಳು ಅರ್ಧ ದಿನದ ರಜೆ ಹಾಕಿ, ಉಗುರಿನ ಸಂದಿಯ ಅಂಟನ್ನು ತಿಕ್ಕಿ ತೊಳೆದುಕೊಂಡು ಬಂದಿದ್ದಳು. ಹೆಡ್ಮಾಸ್ಟರ ಮೇಜಿನ ಮೇಲೆ ಅವಳು ಹೊಲಿದ ಪುಸ್ತಕ ಇತ್ತು. ಮೇಡಂ ಕಿಟಕಿಯ ಹತ್ತಿರ, ಹುಡುಗಿ ಮೇಜಿನ ಎದುರಿಗೆ ನಿಂತಿದ್ದರು. ಅಮ್ಮನಿಗೆ ಕೂರಲು ಯಾರೂ ಹೇಳಲಿಲ್ಲ.

“ನೋಡಮ್ಮ,” ಹೆಡ್ಮಾಸ್ಟರು ಗಂಟಲು ಸರಿಮಾಡಿಕೊಂಡರು. ಅವರಿಗೆ ಇಬ್ಬರೇ ಎದುರಿಗಿದ್ದರೂ ಸಭೆಯಲ್ಲಿದ್ದಂತೆ ಮಾತಾಡುವ ಚಾಳಿ. “ಆ ಪಾಠ ಇರೋದು ‘ಕೃತಜ್ಞತೆ’ ಅನ್ನೋ ಭಾಗದಲ್ಲಿ. ಕೃತಜ್ಞತೆ ಅನ್ನೋದು ದೊಡ್ಡ ಗುಣ. ಅದಕ್ಕೆ ತಕ್ಕ ಹಾಗೆ ತಿಳಿದವರು ಕಥೆಯನ್ನ ಸ್ವಲ್ಪ ತಿದ್ದಿದ್ದಾರೆ. ನಮ್ಮ ಮೇಡಂ ಅವರೇ ಪಠ್ಯಪುಸ್ತಕ ಸಮಿತಿಯಲ್ಲಿದ್ದರು. ಕೊನೇ ಸಾಲು ಇದೆಯಲ್ಲ, ಮುತ್ತಿನಂತೆ ಹೊಳೆದವು ಅಂತ, ಅದು ಇವರದ್ದೇ. ಎಷ್ಟು ಚೆಂದ ಇದೆ!”

ಹುಡುಗಿ ಮೇಡಂ ಕಡೆ ತಿರುಗಿದಳು. ಮುತ್ತಿನಂಥ ಮಾತು. ಮುತ್ತಿನಂಥ ಅಕ್ಷರ. ತನ್ನ ನೋಟುಪುಸ್ತಕದ ಅಂಚಿನಲ್ಲಿ ಹತ್ತಾರು ಸಲ ಕಂಡ ಮುತ್ತು ಇದೇ.

“ಮೇಡಂ,” ಅಂದಳು, “ಅನಿಸಿದ್ದನ್ನ ಬರೀರಿ ಅಂದಿದ್ರಿ.”

“ಆ ಭಾಗಕ್ಕೆ ಒಂದು ಕಥೆ ಬೇಕಿತ್ತು,” ಮೇಡಂ ಕಿಟಕಿಯ ಆಚೆ ನೋಡುತ್ತಲೇ ಹೇಳಿದರು. “ಇದು ಒಳ್ಳೇ ಕಥೆ. ಅಷ್ಟಾದ್ರೂ ಮಕ್ಕಳಿಗೆ ತಲುಪಲಿ ಅಂತ… ಪೂರ್ತಿ ಇಡ್ತೀನಿ ಅಂದಿದ್ರೆ ಇಡೀ ಕಥೇನೇ ತೆಗೆದುಹಾಕ್ತಿದ್ರು.”

“ಅದೆಲ್ಲ ಈಗ ಬೇಡ,” ಹೆಡ್ಮಾಸ್ಟರು ಒಂದು ಬಿಳಿಹಾಳೆ, ಪೆನ್ನು ಹುಡುಗಿಯ ಮುಂದೆ ತಳ್ಳಿದರು. “ನೀನು ಬರಿ. ‘ಮುಕ್ತಾಯ ನನ್ನ ಕಲ್ಪನೆ, ಎಲ್ಲೂ ಓದಿದ್ದಲ್ಲ’ ಅಂತ. ಒಂಬತ್ತು ಅಂಕ ತಗೋ, ಪರೀಕ್ಷೆಗೆ ಕೂತ್ಕೋ. ಬರೀಲಿಲ್ವೋ, ಸೊನ್ನೆ ಸೊನ್ನೇನೇ.” ಆಮೇಲೆ ಅಮ್ಮನ ಕಡೆ ನೋಡಿ ದನಿ ಇಳಿಸಿದರು. “ಇನ್ನೊಂದು ಮಾತು. ಸರ್ಕಾರಿ ಪುಸ್ತಕದ ಹಾಳೆ ನಿಮ್ಮ ಮನೆಗೆ ಹೇಗೆ ಬಂತು ಅಂತ ನಾನು ಪ್ರೆಸ್ಸಿಗೆ ಫೋನ್ ಮಾಡಿ ಕೇಳಿಲ್ಲ. ಕೇಳಿದ್ರೆ ಅದಕ್ಕೆ ಕಳ್ಳತನ ಅಂತಾರೆ. ಗೊತ್ತಲ್ವಾ?”

ಕಳ್ಳತನ ಎಂಬ ಮಾತಿಗೆ ಹುಡುಗಿ ತಲೆ ಎತ್ತಿದಳು. ಈ ಕೋಣೆಯನ್ನು ಅವಳು ಆ ಕಥೆಯಲ್ಲಿ ಆಗಲೇ ಓದಿದ್ದಳು. ಕಾಣೆಯಾದದ್ದು ಗಡಿಯಾರವಲ್ಲ, ಅಷ್ಟೇ. ಅಮ್ಮನ ಕೆಲಸ, ಜಡ್ಡುಗಟ್ಟಿದ ಹೆಬ್ಬೆರಳು, ಗೇಟಿನಲ್ಲಿ ಚೀಲ ಕೊಡವಿಸುವವನು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಸುಳ್ಳು ಒಂದೇ ಸಾಲು. ಬರೆದರೆ ಅಮ್ಮನ ಕೆಲಸ ಉಳಿಯುತ್ತದೆ, ತನ್ನ ವರ್ಷ ಉಳಿಯುತ್ತದೆ. ಅವಳು ಪೆನ್ನು ಎತ್ತಿಕೊಂಡಳು. ‘ಮುಕ್ತಾಯ’ ಅಂತ ಬರೆದಳು.

“ಏನ್ ಬರೀತಿದ್ದೀಯೇ?” ಅಂದಳು ಅಮ್ಮ.

“ಏನಿಲ್ಲಮ್ಮ. ಬಕೆಟ್ ಮಗುಚಿದ್ದು… ನಾನೇ ಕಟ್ಟಿದ್ದು ಅಂತ.”

ಅಮ್ಮ ಮೇಜಿನ ಮೇಲಿನ ಪುಸ್ತಕವನ್ನು ನೋಡಿದಳು.

“ಹಾಗೇ ನೀವೂ ಒಂದು ಕೆಲಸ ಮಾಡಿ,” ಹೆಡ್ಮಾಸ್ಟರಿಗೆ ಹುರುಪು ಬಂದಿತ್ತು. ಡ್ರಾಯರಿನಿಂದ ಒಂದು ಬ್ಲೇಡು ತೆಗೆದು ಪುಸ್ತಕದ ಮೇಲಿಟ್ಟರು. “ಆ ಒಂದು ಹಾಳೆ ನೀವೇ ತೆಗೆದುಕೊಡಿ. ನಾವು ಹರಿದ್ರೆ ಮಗುವಿನ ಪುಸ್ತಕ ಹರಿದ್ರು ಅಂತ ಮಾತಾಗುತ್ತೆ. ನಿಮ್ಮ ಕೈಯಲ್ಲಾದ್ರೆ ಅದು ರಿಪೇರಿ. ನಿಮಗೇನು, ದಿನಾ ಮಾಡೋ ಕೆಲಸ. ಗುರುತೇ ಸಿಗಬಾರದು, ಅಷ್ಟು ನೀಟಾಗಿ ತೆಗೀರಿ.”

ಅಮ್ಮ ಮುಂದೆ ಬಂದಳು. ಬ್ಲೇಡನ್ನು ಪಕ್ಕಕ್ಕೆ ಸರಿಸಿ ಪುಸ್ತಕ ಎತ್ತಿಕೊಂಡಳು. ಮೂರನೇ ಫಾರಂ ಬಿಡಿಸಿ, ನಲವತ್ತೇಳನೇ ಪುಟದ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಜಗ್ಗಿದಳು. ಅದರ ಜೊತೆಗೇ, ಫಾರಂನ ಆ ತುದಿಯಲ್ಲಿ, ಮೂವತ್ಮೂರನೇ ಪುಟದ ಹಾಳೆ ಅಲ್ಲಾಡಿತು.

“ನೋಡಿ ಸರ್. ಇವೆರಡೂ ಒಂದೇ ಹಾಳೆ. ನಡುವೆ ಮಡಿಸಿ ಹೊಲಿದಿರೋದು. ಇದನ್ನ ಕೊಯ್ದ್ರೆ ಅದು ನಿಲ್ಲಲ್ಲ, ಇವತ್ತಲ್ಲ ನಾಳೆ ಉದುರುತ್ತೆ.” ಮಗಳ ಕಡೆ ತಿರುಗಿದಳು. “ಮೂವತ್ಮೂರರಲ್ಲಿ ಏನಿದೆ?”

“ಕಥೆಯ ಮೊದಲು,” ಅಂದಳು ಹುಡುಗಿ. “ಅವಳು ಮೊದಲನೇ ಮೆಟ್ಟಿಲು ಒರೆಸೋದು.”

“ಹ್ಞಾಂ. ಅವಳೇ ಉದುರಿಹೋಗ್ತಾಳೆ.” ಅಮ್ಮ ಮಗಳ ಕೈಯಿಂದ ಪೆನ್ನು ತೆಗೆದು, ‘ಮುಕ್ತಾಯ’ ಅಂತ ಒಂದೇ ಪದವಿದ್ದ ಹಾಳೆಯ ಮೇಲೆ ಅಡ್ಡಲಾಗಿ ಇಟ್ಟಳು. “ಸರ್, ಇಪ್ಪತ್ತು ವರ್ಷ ಎಷ್ಟು ಪುಸ್ತಕ ಹೊಲಿದಿದ್ದೀನೋ ಲೆಕ್ಕ ಇಲ್ಲ. ಒಂದರಲ್ಲೂ ಏನಿದೆ ಅಂತ ಗೊತ್ತಿರಲಿಲ್ಲ. ಗೊತ್ತಿರೋದು ಇದೊಂದೇ. ಇವಳು ಓದಿ ಹೇಳಿದ್ದು.”

“ಅಮ್ಮ, ಫೋನ್ ಮಾಡಿಬಿಡ್ತಾರೆ,” ಹುಡುಗಿ ಪಿಸುಗುಟ್ಟಿದಳು.

“ಮಾಡ್ಲಿ.”

ಮೇಡಂ ಕಿಟಕಿಯಿಂದ ಈಚೆಗೆ ತಿರುಗಿದ್ದರು. ಹೆಡ್ಮಾಸ್ಟರು ಫೋನಿನ ಮೇಲೆ ಕೈ ಇಟ್ಟು, ಸಭೆಯ ದನಿಯನ್ನೂ ಮರೆತು ಕೇಳಿದರು. “ಅಂದ್ರೆ? ತೆಗೆಯಲ್ವಾ?”

ಅಮ್ಮ ಪುಸ್ತಕ ಮುಚ್ಚಿ ಸೆರಗಿನೊಳಗೆ ಇಟ್ಟುಕೊಂಡಳು.

“ತೆಗೆಯಲ್ಲ.”